ಹಾಸನದ ಗಡ್ಡೆ, ಆಗ್ರಾದ ಗಡ್ಡೆ: ಇಂಗಾಲದ ಲೆಕ್ಕದಲ್ಲಿ ಯಾವುದು ಹಗುರ?

ಸೆಪ್ಟೆಂಬರ್ ಹೊತ್ತಿಗೆ ಬೆಂಗಳೂರಿನ ಯಶವಂತಪುರದ ಮಂಡಿಗಳಲ್ಲಿ ಎರಡು ಊರಿನ ಆಲೂಗಡ್ಡೆ ಅಕ್ಕಪಕ್ಕದಲ್ಲೇ ಮಾರಾಟಕ್ಕೆ ಬಂದಿರುತ್ತದೆ. ಹಾಸನದ್ದನ್ನು ಗುರುತಿಸುವುದು ಸುಲಭ. ಸಿಪ್ಪೆ ತೆಳ್ಳಗಿರುತ್ತದೆ, ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತದೆ, ಮೈಗೆ ಕೆಂಪು ಮಣ್ಣು ಹತ್ತಿಕೊಂಡಿರುತ್ತದೆ. ಪಕ್ಕದ ಮೂಟೆಯ ಆಗ್ರಾ ಗಡ್ಡೆ ನುಣ್ಣಗೆ, ಹೆಚ್ಚುಕಡಿಮೆ ಒಂದೇ ಗಾತ್ರದ್ದು. ಅದನ್ನು ನೆಲದಿಂದ ಕಿತ್ತದ್ದು ಫೆಬ್ರುವರಿ ಕೊನೆಗೋ ಮಾರ್ಚ್‌ನಲ್ಲೋ. ಅಲ್ಲಿಂದೀಚೆಗೆ ಆರು ತಿಂಗಳು ಕೋಲ್ಡ್ ಸ್ಟೋರೇಜಿನಲ್ಲಿದ್ದು, ಸುಮಾರು 1,900 ಕಿಲೋಮೀಟರ್ ಲಾರಿಯಲ್ಲಿ ಬಂದಿದೆ. ಹವಾಮಾನದ ಬಗ್ಗೆ ಕಾಳಜಿ ಇರುವವರು ಇವೆರಡರಲ್ಲಿ ಯಾವುದನ್ನು ಕೊಳ್ಳಬೇಕು ಎಂದು ಕೇಳಿದರೆ ಬಹುತೇಕ ಎಲ್ಲರೂ ಹಾಸನದ ಕಡೆಗೇ ಕೈ ತೋರಿಸುತ್ತಾರೆ. ಹತ್ತಿರದ್ದು, ಹೊಸದು, ನಮ್ಮದು. ನನಗೂ ಆ ಕಡೆಗೇ ಒಲವು. ಆದರೆ ಒಲವು ಲೆಕ್ಕವಾಗುವುದಿಲ್ಲ. ಗೊಬ್ಬರ, ಬೀಜ, ನೀರು, ಡೀಸೆಲ್, ಕರೆಂಟು ಎಂದು ಒಂದೊಂದನ್ನೇ ಕೂಡಿಸುತ್ತ ಹೋದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ಹತ್ತಿರದಲ್ಲಿ ಬೆಳೆದದ್ದು ತಾನೇ ತಾನಾಗಿ ಒಳ್ಳೆಯದು ಎಂಬ ನಂಬಿಕೆಗೆ ಯುರೋಪಿನಲ್ಲಿ ಪೆಟ್ಟು ಬಿದ್ದು ಎರಡು ದಶಕವಾಯಿತು. ಚಳಿಗಾಲದಲ್ಲಿ ಗಾಜಿನ ಮನೆಗೆ ಅನಿಲದ ಶಾಖ ಕೊಟ್ಟು ಬೆಳೆಸಿದ ಬ್ರಿಟನ್ನಿನ ಟೊಮೆಟೊಗಿಂತ ಸ್ಪೇನಿನ ಬಿಸಿಲಲ್ಲಿ ಬೆಳೆದು ಲಾರಿಯಲ್ಲಿ ಬಂದ ಟೊಮೆಟೊದ ಹೊರಸೂಸುವಿಕೆ ಕಡಿಮೆ ಎಂದು ಅಲ್ಲಿನ ಅಧ್ಯಯನಗಳು ತೋರಿಸಿದವು. ನಮ್ಮ ಹಾಸನದಲ್ಲಿ ಗಾಜಿನ ಮನೆಯೂ ಇಲ್ಲ, ಅನಿಲದ ಶಾಖವೂ ಇಲ್ಲ. ಇಲ್ಲಿನ ಕಥೆಯೇ ಬೇರೆ, ಆದರೆ ಅದರಲ್ಲೂ ಅಂಥದೇ ತಿರುವುಗಳಿವೆ.

ಮೊದಲು ಆಗ್ರಾದ ಪರವಾಗಿ ಏನು ಹೇಳಬಹುದೋ ನೋಡೋಣ. ಗಂಗಾ ಬಯಲಿನ ಮೆಕ್ಕಲು ಮಣ್ಣು, ಚಳಿಗಾಲದ ಉದ್ದ ರಾತ್ರಿಗಳು, ಮೋಡವಿಲ್ಲದ ಹಗಲು: ಆಲೂಗಡ್ಡೆ ಬಯಸುವುದು ಇವನ್ನೇ. ಉತ್ತರ ಪ್ರದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ 25 ಟನ್ನಿನ ಆಸುಪಾಸು. ಕರ್ನಾಟಕದ್ದು ಅದರ ಅರ್ಧದಷ್ಟು. ಉಳುಮೆ, ಗೊಬ್ಬರ, ಬೀಜಕ್ಕೆ ಆದ ಹೊರಸೂಸುವಿಕೆಯನ್ನು ಬಂದ ಫಸಲಿಗೆ ಹಂಚಿದಾಗ ಹೆಚ್ಚು ಬೆಳೆದವನ ಪಾಲಿಗೆ ಪ್ರತಿ ಕೆಜಿಗೆ ಕಡಿಮೆ ಬೀಳುತ್ತದೆ. ಮೇಲಾಗಿ, ನಮಗೆ ವರ್ಷವಿಡೀ ಆಲೂಗಡ್ಡೆ ಬೇಕು. ದೋಸೆಯೊಳಗಿನ ಪಲ್ಯಕ್ಕೆ ಹಂಗಾಮು ಎಂಬುದೇ ಇಲ್ಲ. ಹಾಸನ ಕೊಡುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ಉಳಿದ ತಿಂಗಳುಗಳಲ್ಲಿ ಬೆಂಗಳೂರಿನ ಅಡುಗೆಮನೆಗಳಿಗೆ ದೊಡ್ಡ ಆಧಾರ ಉತ್ತರದ ಗಡ್ಡೆಯೇ.

ಇನ್ನು ಲಾರಿ. ದೂರದ ಸಾಗಣೆ ಎಂದರೆ ಕಣ್ಣ ಮುಂದೆ ಹೊಗೆ ಉಗುಳುವ ಸಾಲು ಲಾರಿಗಳು ನಿಲ್ಲುತ್ತವೆ. ಲೆಕ್ಕ ಹಾಕಿ ನೋಡಿ. 25 ಟನ್ ಹೊತ್ತ ದೊಡ್ಡ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುತ್ತದೆ ಎಂದುಕೊಂಡರೆ, ಆಗ್ರಾದಿಂದ ಬೆಂಗಳೂರಿಗೆ 475 ಲೀಟರ್ ಡೀಸೆಲ್ ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್. ಒಟ್ಟು ಸುಮಾರು 1,270 ಕೆಜಿ. ಟನ್ನಿಗೆ 51 ಕೆಜಿ. ದಕ್ಷಿಣದಿಂದ ಮತ್ತೇನನ್ನೋ ತುಂಬಿಕೊಂಡು ಲಾರಿ ಹಿಂದಿರುಗುವುದರಿಂದ ವಾಪಸು ಪ್ರಯಾಣವನ್ನು ಆಲೂಗಡ್ಡೆಯ ತಲೆಗೆ ಕಟ್ಟಬೇಕಿಲ್ಲ.

ಹಾಸನದಿಂದ ಬೆಂಗಳೂರು 185 ಕಿಲೋಮೀಟರ್. ಹತ್ತು ಟನ್ನಿನ ಲಾರಿ ಲೀಟರಿಗೆ ಐದು ಕಿಲೋಮೀಟರ್‌ನಂತೆ ಬಂದು ಖಾಲಿ ಹೋದರೆ ಟನ್ನಿಗೆ 20 ಕೆಜಿ. ಆದರೆ ಎಷ್ಟೋ ಜನ ಸಣ್ಣ ರೈತರು ತರುವುದು ಪಿಕ್‌ಅಪ್ ಗಾಡಿಯಲ್ಲಿ. ಒಂದೂವರೆ ಟನ್ ಹೇರಿಕೊಂಡು ರಾತ್ರಿ ಹೊರಟು, ಬೆಳಗಿನ ಹರಾಜಿಗೆ ಮುಟ್ಟಿ, ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಊರಿಗೆ ಮರಳುವುದು ರೂಢಿ. ಲೀಟರಿಗೆ 12 ಕಿಲೋಮೀಟರ್ ಕೊಟ್ಟರೂ ಹೋಗಿಬರಲು 31 ಲೀಟರ್ ಬೇಕು; ಟನ್ನಿಗೆ 55 ಕೆಜಿ ಆಗುತ್ತದೆ. ಆಗ್ರಾದಿಂದ ಬಂದ ಲಾರಿಗೂ ಇದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಹತ್ತು ಪಟ್ಟು ದೂರವನ್ನು ಗಾಡಿಯ ಗಾತ್ರ ಮತ್ತು ವಾಪಸು ಲೋಡು ಎರಡೇ ಸೇರಿ ಅಳಿಸಿಹಾಕಿಬಿಡುತ್ತವೆ.

ಈಗ ಹಾಸನದ ಪಕ್ಷ. ಅದರ ದೊಡ್ಡ ಬಲ ಮಳೆ. ಕೃತ್ತಿಕಾ, ರೋಹಿಣಿ ಮಳೆಗೆ ಬಿತ್ತಿ, ಮುಂಗಾರಿನ ನೀರಿನಲ್ಲೇ ಬೆಳೆಸಿ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೀಳುತ್ತಾರೆ. ಹೆಚ್ಚಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಮಾತೇ ಬರುವುದಿಲ್ಲ. ಆಗ್ರಾದಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ, ಪೂರ್ತಿ ಅಂತರ್ಜಲದ ಮೇಲೆ ನಿಂತದ್ದು. ಆ ಭಾಗದ ನೀರು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತಿದೆ. ಇನ್ನೊಂದು ಬಲ, ಹಾಸನದ ಗಡ್ಡೆ ಹೊಲದಿಂದ ನೇರ ಮಂಡಿಗೆ, ಮಂಡಿಯಿಂದ ನೇರ ಒಲೆಗೆ ಹೋಗುತ್ತದೆ. ಕೋಲ್ಡ್ ಸ್ಟೋರೇಜಿನ ಕರೆಂಟು ಅದರ ಖಾತೆಗೆ ಬರುವುದಿಲ್ಲ. ಅಡುಗೆ ಮಾಡುವವರಿಗೆ ಇದರ ಗುಣ ನಾಲಿಗೆಯಲ್ಲೇ ತಿಳಿಯುತ್ತದೆ. ಎರಡರಿಂದ ನಾಲ್ಕು ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ, ಪಲ್ಯ ಸಿಹಿಯಾಗುತ್ತದೆ, ಎಣ್ಣೆಗೆ ಬಿಟ್ಟರೆ ಕಪ್ಪಾಗುತ್ತದೆ.

ಆದರೆ ಹಾಸನದ ಗಡ್ಡೆಯ ಹಿಂದೆ ಗಿರಾಕಿಗೆ ಕಾಣದ ಒಂದು ದೂರಪ್ರಯಾಣವಿದೆ. ಅದರ ಬೀಜ ಬರುವುದು ಪಂಜಾಬಿನ ಜಲಂಧರ್‌ನಿಂದ, ಸುಮಾರು 2,500 ಕಿಲೋಮೀಟರ್ ದಾಟಿ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡಿಗೆ ಹೋದವರಿಗೆ ಇದು ಗೊತ್ತು. ಪಂಜಾಬಿನ ಲಾರಿಗಳು ಸಾಲಾಗಿ ನಿಂತಿರುತ್ತವೆ. 50 ಕೆಜಿ ಮೂಟೆ ಬಿಚ್ಚಿ, ಗಡ್ಡೆ ಕೈಯಲ್ಲಿ ಹಿಡಿದು, ಕೊಳೆತದ್ದು ಎಷ್ಟಿದೆ, ಕಣ್ಣು ಒಡೆದಿದೆಯೇ ಎಂದು ನೋಡಿ ರೈತರು ಬೆಲೆ ಮಾತಾಡುತ್ತಾರೆ. ಮನೆಗೆ ಒಯ್ದ ಮೇಲೆ ಹೆಂಗಸರು ಕುಳಿತು ಒಂದೊಂದು ತುಂಡಿಗೆ ಎರಡು ಕಣ್ಣಾದರೂ ಉಳಿಯುವಂತೆ ಗಡ್ಡೆ ಕೊಯ್ಯುತ್ತಾರೆ. ತುಂಡುಗಳನ್ನು ಶಿಲೀಂಧ್ರನಾಶಕದಲ್ಲಿ ಅದ್ದಿ, ಕೊಯ್ದ ಭಾಗ ಒಣಗಿ ಗಟ್ಟಿಯಾಗುವವರೆಗೆ ನೆರಳಿನಲ್ಲಿ ಹರಡುತ್ತಾರೆ. ಆಮೇಲೆ ಮಳೆಗಾಗಿ ಕಾಯುವುದು. ಮಳೆ ಎರಡು ವಾರ ತಡವಾದರೆ ಕೊಯ್ದ ಬೀಜ ಮನೆಯಲ್ಲೇ ಕೊಳೆಯುತ್ತದೆ, ಜಲಂಧರ್‌ನಿಂದ ಬಂದ ಅಷ್ಟೂ ಡೀಸೆಲ್ ವ್ಯರ್ಥ.

ತಾನು ಬೆಳೆದ ಗಡ್ಡೆಯನ್ನೇ ಹಾಸನದ ರೈತ ಬೀಜಕ್ಕೆ ಇಟ್ಟುಕೊಳ್ಳಬಾರದೇ? ತೊಂದರೆ ಇರುವುದು ಗಿಡಹೇನಿನಲ್ಲಿ. ಅದು ಗಿಡದಿಂದ ಗಿಡಕ್ಕೆ ವೈರಸ್ ಹೊತ್ತೊಯ್ಯುತ್ತದೆ. ವೈರಸ್ ಹತ್ತಿದ ಗಡ್ಡೆಯನ್ನು ಮತ್ತೆ ಮತ್ತೆ ಬಿತ್ತಿದರೆ ಇಳುವರಿ ಕುಸಿಯುತ್ತ ಹೋಗುತ್ತದೆ. ಪಂಜಾಬಿನ ಬಯಲಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೇನು ತೀರ ಕಡಿಮೆ. ಆ ಅವಧಿಯಲ್ಲಿ ಬೆಳೆಸಿ, ಹೇನು ಏರುವ ಮೊದಲೇ ಗಿಡದ ಸೊಪ್ಪು ಕತ್ತರಿಸಿ ಬೀಜ ಕಾಪಾಡುವ ಕ್ರಮವನ್ನು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ರೂಪಿಸಿತು. 1949ರಲ್ಲಿ ಪಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಸಂಸ್ಥೆ ಅದು. ಹಾಸನದಲ್ಲಿ ಇಂದಿಗೂ ಹೆಚ್ಚಾಗಿ ಬೆಳೆಯುವ ಕುಫ್ರಿ ಜ್ಯೋತಿ ತಳಿ 1968ರಲ್ಲಿ ಅಲ್ಲಿಂದಲೇ ಬಂತು. ನಮ್ಮಲ್ಲಿ ಹೇನಿಲ್ಲದ ತಿಂಗಳು ಎಂಬುದೇ ಇಲ್ಲವಾದ್ದರಿಂದ ಪ್ರತಿ ಮೇ ತಿಂಗಳೂ ಜಲಂಧರ್ ಕಡೆಗೆ ಮುಖ ಮಾಡಲೇಬೇಕು.

ಹೆಕ್ಟೇರಿಗೆ ಎರಡು ಟನ್ ಬೀಜ ಎಂದುಕೊಳ್ಳೋಣ. ಫಸಲು 12 ಟನ್ ಬಂದರೆ, ಮಾರುವ ಪ್ರತಿ ಆರು ಕೆಜಿ ಗಡ್ಡೆಗೆ ಒಂದು ಕೆಜಿ ಪಂಜಾಬಿನ ಬೀಜ. ಅಂದರೆ ಹಾಸನದ ಗಡ್ಡೆಯೂ ಲಾರಿಯಲ್ಲಿ ನಾನೂರು ಕಿಲೋಮೀಟರ್ ಬಂದಂತೆಯೇ. ಬೀಜವನ್ನು ಅಲ್ಲಿ ಬೆಳೆದು ಶೈತ್ಯಾಗಾರದಲ್ಲಿಟ್ಟದ್ದಕ್ಕೆ ಟನ್ನಿಗೆ 150 ಕೆಜಿ, ಸಾಗಣೆಗೆ 67 ಕೆಜಿ ಹಿಡಿದರೆ, ಒಂದು ಟನ್ ಫಸಲಿನ ಪಾಲಿಗೆ 36 ಕೆಜಿ ಬೀಜದ ಹೊರೆ ಬೀಳುತ್ತದೆ. ಆಗ್ರಾದವರು ಇಡೀ ಗಡ್ಡೆ ಬಿತ್ತುವುದರಿಂದ ಮೂರು ಟನ್ ಬೇಕಾದರೂ 25 ಟನ್ನಿಗೆ ಹಂಚಿದಾಗ 18 ಕೆಜಿಯಷ್ಟೇ.

ಇನ್ನೊಂದು ದೊಡ್ಡ ಬಾಬತ್ತು ಗೊಬ್ಬರ, ಅದರಲ್ಲೂ ಯೂರಿಯಾ. ಅದನ್ನು ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದಿಂದ ಮಾಡುವಾಗಲೇ ಒಂದು ಪಾಲು ಹೊರಸೂಸುವಿಕೆ ಮುಗಿದಿರುತ್ತದೆ. ಹೊಲಕ್ಕೆ ಹಾಕಿದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕದ ಚೂರುಪಾರನ್ನು ನೈಟ್ರಸ್ ಆಕ್ಸೈಡ್ ಮಾಡಿ ಗಾಳಿಗೆ ಬಿಡುತ್ತವೆ. ಆ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಲವಾಗಿ ಭೂಮಿಯನ್ನು ಬಿಸಿ ಮಾಡುತ್ತದೆ. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ಹೀಗೆ ಹೋಗುತ್ತದೆ ಎಂಬುದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, ಕೊಟ್ಟಿರುವ ಸಾಮಾನ್ಯ ಗುಣಾಂಕ. ಕಾರ್ಖಾನೆ, ಹೊಲ ಎರಡನ್ನೂ ಸೇರಿಸಿದರೆ ಒಂದು ಕೆಜಿ ಸಾರಜನಕಕ್ಕೆ ಏಳು ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊರೆ. ಆಗ್ರಾದಲ್ಲಿ ಹೆಕ್ಟೇರಿಗೆ 180 ಕೆಜಿ, ಹಾಸನದಲ್ಲಿ 100 ಕೆಜಿ ಸಾರಜನಕ ಹಾಕುತ್ತಾರೆ ಎಂದುಕೊಳ್ಳಿ. ಟನ್ ಫಸಲಿಗೆ ಹಂಚಿದರೆ ಆಗ್ರಾದ್ದು 50, ಹಾಸನದ್ದು 58. ಹೆಚ್ಚು ಗೊಬ್ಬರ ಸುರಿದವನ ಲೆಕ್ಕವೇ ಸ್ವಲ್ಪ ಹಗುರ!

ಆಗ್ರಾದ ನೀರೆತ್ತಲು ಟನ್ನಿಗೆ 40 ಕೆಜಿ ಸೇರಿಸೋಣ. ನೀರಿನ ಮಟ್ಟ 60 ಮೀಟರ್ ಆಳದಲ್ಲಿದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂಬ ಲೆಕ್ಕದಲ್ಲಿ ಬಂದದ್ದು ಅದು. ಶೈತ್ಯಾಗಾರದಲ್ಲಿ ಆರು ತಿಂಗಳಿಗೆ ಟನ್ನಿಗೆ ನೂರು ಯೂನಿಟ್ ಎಂದರೆ ಇನ್ನೊಂದು 70 ಕೆಜಿ. ಕಟ್ಟಡ ಹಳತೋ ಹೊಸತೋ, ಗೋಡೆಯ ಶಾಖನಿರೋಧಕ ಗಟ್ಟಿಯಿದೆಯೋ ಇಲ್ಲವೋ ಎಂಬುದರ ಮೇಲೆ ಇದು ಬಹಳ ಏರಿಳಿಯುತ್ತದೆ. ಟ್ರ್ಯಾಕ್ಟರ್, ಔಷಧಿ, ಗೋಣಿಚೀಲಗಳನ್ನು ಎರಡೂ ಕಡೆ ಬಿಟ್ಟಿದ್ದೇನೆ.

ಕೂಡಿಸಿದರೆ ಬರುವುದು ಹೀಗೆ. ಮಾರ್ಚ್‌ನಲ್ಲಿ ಕಿತ್ತು ನೇರ ಬೆಂಗಳೂರಿಗೆ ಬಂದ ಆಗ್ರಾ ಗಡ್ಡೆಗೆ ಟನ್ನಿಗೆ 160 ಕೆಜಿ. ಅದೇ ಗಡ್ಡೆ ಸೆಪ್ಟೆಂಬರ್‌ನಲ್ಲಿ ಬಂದರೆ 230. ಒಳ್ಳೆ ವರ್ಷದ ಹಾಸನದ ಗಡ್ಡೆ, ಹತ್ತು ಟನ್ ಲಾರಿಯಲ್ಲಿ ಬಂದರೆ, 114. ಇಷ್ಟಕ್ಕೇ ನಿಂತರೆ ಹಾಸನ ಗೆದ್ದಂತೆ.

ಆದರೆ ಹಾಸನದಲ್ಲಿ ಎಲ್ಲ ವರ್ಷವೂ ಒಳ್ಳೆ ವರ್ಷವಲ್ಲ. ಜುಲೈ ತಿಂಗಳಲ್ಲಿ ಬಿಸಿಲೇ ಕಾಣದೆ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದರೆ ಅಂಗಮಾರಿ ಬರುತ್ತದೆ. 1845ರಲ್ಲಿ ಐರ್ಲೆಂಡನ್ನು ಕ್ಷಾಮಕ್ಕೆ ತಳ್ಳಿದ ಅದೇ ರೋಗ. ಎಲೆಯ ಅಂಚಿನಲ್ಲಿ ನೀರಿನಲ್ಲಿ ನೆನೆದಂಥ ಕಲೆ ಕಾಣಿಸಿಕೊಂಡು, ನಾಲ್ಕೈದು ದಿನದಲ್ಲಿ ಇಡೀ ಹೊಲ ಸುಟ್ಟಂತೆ ಕರಕಲಾಗುತ್ತದೆ. ಕುಫ್ರಿ ಜ್ಯೋತಿ ಬಿಡುಗಡೆಯಾದಾಗ ಇದನ್ನು ತಡೆಯುವ ಶಕ್ತಿ ಅದಕ್ಕಿತ್ತು, ಈಗ ಉಳಿದಿಲ್ಲ. ಇಂಥ ವರ್ಷ ಹೆಕ್ಟೇರಿಗೆ ಐದು ಟನ್ ಬಂದರೆ ಪುಣ್ಯ. ಗೊಬ್ಬರ ಹಾಕಿ ಆಗಿದೆ, ಬೀಜ ಪಂಜಾಬಿನಿಂದ ಬಂದಾಗಿದೆ, ಹಂಚಿಕೊಳ್ಳಲು ಫಸಲು ಮಾತ್ರ ಇಲ್ಲ. ಗೊಬ್ಬರದ ಪಾಲು 140ಕ್ಕೆ, ಬೀಜದ ಪಾಲು 87ಕ್ಕೆ ಏರಿ, ಒಟ್ಟು 247 ಆಗುತ್ತದೆ. ಶೈತ್ಯಾಗಾರದಿಂದ ಬಂದ ಆಗ್ರಾ ಗಡ್ಡೆಯೂ ಆಗ ಹಗುರವೇ. ಮೇಲೊಂದು ಮಾತು: ವಾರಕ್ಕೊಮ್ಮೆ ಔಷಧಿ ಹೊಡೆದ ಖರ್ಚು ಈ ಮೊತ್ತದಲ್ಲಿ ಸೇರಿಲ್ಲ.

ಇಲ್ಲಿ ನನಗೆ ಒಂದು ತಕರಾರಿದೆ. ಬೆಳೆ ಹೋದ ವರ್ಷದ ಅಂಕಿಯನ್ನು ಹಿಡಿದು ಹಾಸನದ ಗಡ್ಡೆ ಕೊಳಕು ಎನ್ನುವುದು, ಆಗಲೇ ಬೀಜದ ಸಾಲದಲ್ಲಿ ಮುಳುಗಿದವನ ಮೇಲೆ ಇನ್ನೊಂದು ಹೊರೆ ಹೇರಿದಂತೆ. ಒಳ್ಳೆ ವರ್ಷವನ್ನಷ್ಟೇ ತೋರಿಸಿ ಮೆರೆಯುವುದೂ ನ್ಯಾಯವಲ್ಲ. ಐದು ವರ್ಷವನ್ನು ಒಟ್ಟಿಗೆ ನೋಡಬೇಕು. ಮೂರು ವರ್ಷ 12 ಟನ್, ಎರಡು ವರ್ಷ ಐದು ಟನ್ ಎಂದಿಟ್ಟುಕೊಂಡು ಒಟ್ಟು ಹೊರೆಯನ್ನು ಒಟ್ಟು ಫಸಲಿಗೆ ಭಾಗಿಸಿದರೆ ಹಾಸನದ ಸರಾಸರಿ 143 ಬರುತ್ತದೆ. ಸೆಪ್ಟೆಂಬರ್‌ನ ಆಗ್ರಾ ಗಡ್ಡೆಗಿಂತ ಇದು ಸ್ಪಷ್ಟವಾಗಿ ಕಡಿಮೆ. ಮಾರ್ಚ್‌ನ ಆಗ್ರಾ ಗಡ್ಡೆಯ ಜೊತೆ ಇಟ್ಟರೆ ವ್ಯತ್ಯಾಸ ಎಷ್ಟು ಸಣ್ಣದೆಂದರೆ, ಒಂದು ಊಹೆ ಅತ್ತಿತ್ತ ಸರಿದರೂ ತಿರುಗಿಬೀಳುತ್ತದೆ.

ತಿರುಗಿಬೀಳುತ್ತದೆ ಎಂದದ್ದು ಬರೀ ಬಾಯಿಮಾತಿಗಲ್ಲ. ನೂರಕ್ಕೆ ಒಂದು ಎಂದು ಎಲ್ಲ ಹೊಲಕ್ಕೂ ಒಂದೇ ಗುಣಾಂಕ ಹಾಕುವುದು ಸರಿಯಲ್ಲ ಎಂದು ಐಪಿಸಿಸಿಯೇ 2019ರಲ್ಲಿ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು. ತೇವದ ಹವೆಯಲ್ಲಿ ರಾಸಾಯನಿಕ ಗೊಬ್ಬರದ ಸಾರಜನಕದಲ್ಲಿ ನೂರಕ್ಕೆ 1.6 ಪಾಲು, ಒಣ ಹವೆಯಲ್ಲಿ 0.5 ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ. ಕಾರಣ ನಮ್ಮ ರೈತರಿಗೂ ಅಪರಿಚಿತವಲ್ಲ: ಮಣ್ಣು ನೀರು ಕುಡಿದು ಗಾಳಿಯಾಡದೆ ನಿಂತಾಗ ಹಾಕಿದ ಯೂರಿಯಾ ಗಿಡಕ್ಕೆ ದಕ್ಕುವುದಿಲ್ಲ. ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಆಗ್ರಾ ಒಣ ಹವೆಯ ಕಡೆ ಬೀಳುತ್ತದೆ. ಉಷ್ಣವಲಯದಲ್ಲಿ ತೇವಕ್ಕೂ ಒಣಗಿಗೂ ಐಪಿಸಿಸಿ ಎಳೆದ ಗೆರೆ ವಾರ್ಷಿಕ 1,000 ಮಿಲಿಮೀಟರ್. ಆ ಗೆರೆ ಹಾಸನ ಜಿಲ್ಲೆಯ ಒಳಗೇ ಹಾದುಹೋಗುತ್ತದೆ! ಸಕಲೇಶಪುರದ ಕಡೆ ಎರಡು ಸಾವಿರ ದಾಟುವ ಮಳೆ, ಅರಸೀಕೆರೆಯಲ್ಲಿ ಏಳುನೂರರ ಆಚೀಚೆ; ಆಲೂಗಡ್ಡೆ ಬೆಳೆಯುವ ತಾಲ್ಲೂಕುಗಳು ಇವೆರಡರ ನಡುವೆ. ಹಾಸನವನ್ನು ತೇವದ ಪಟ್ಟಿಗೆ ಸೇರಿಸಿದರೆ ಐದು ವರ್ಷದ ಸರಾಸರಿ 143ರಿಂದ 171ಕ್ಕೆ ಹಾರುತ್ತದೆ, ಮಾರ್ಚ್‌ನ ಆಗ್ರಾ 160ರಿಂದ 145ಕ್ಕೆ ಇಳಿಯುತ್ತದೆ. ಗೆದ್ದವರು ಸೋಲುತ್ತಾರೆ. ಹೊಲದಲ್ಲಿ ಏನೂ ಬದಲಾಗಿಲ್ಲ, ಆಳು ಅದೇ, ಮಳೆ ಅದೇ. ಕೋಷ್ಟಕದ ಒಂದು ಸಾಲು ಬದಲಾಯಿತು.

ಹಾಗಿದ್ದರೆ ಈ ಲೆಕ್ಕವೆಲ್ಲ ವ್ಯರ್ಥವೇ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲೂ ಹುರುಳಿದೆ. ಆಲೂಗಡ್ಡೆ ಮೊದಲೇ ಕಡಿಮೆ ಹೊರೆಯ ಬೆಳೆ. ಪೂರ್ ಮತ್ತು ನೆಮೆಸೆಕ್ ಎಂಬ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದಲ್ಲಿ ಒಂದು ಕೆಜಿ ಆಲೂಗಡ್ಡೆಗೆ, ಅಂಗಡಿಯವರೆಗಿನ ನಷ್ಟವೂ ಸೇರಿ, ಹೊರೆ ಸರಾಸರಿ ಅರ್ಧ ಕೆಜಿಗಿಂತ ಕಡಿಮೆ. ಅಕ್ಕಿಗೆ ನಾಲ್ಕು ಕೆಜಿಗಿಂತ ಹೆಚ್ಚು. ಇನ್ನೂ ಹತ್ತಿರ ಬನ್ನಿ. ಒಂದು ಕೆಜಿ ಗಡ್ಡೆಯನ್ನು ಕುಕ್ಕರಿನಲ್ಲಿ ಬೇಯಿಸಲು 50 ಗ್ರಾಂ ಅಡುಗೆ ಅನಿಲ ಉರಿದರೆ 150 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಳ್ಳೆ ವರ್ಷದಲ್ಲಿ ಹಾಸನದಿಂದ ಬೆಂಗಳೂರಿನವರೆಗೆ ಆದ ಅಷ್ಟೂ ಹೊರೆಗಿಂತ ಇದು ಹೆಚ್ಚು. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಬೇಯಿಸಿದರೆ ಕೇಳುವುದೇ ಬೇಡ. ಮಂಡಿಯಲ್ಲಿ ಊರು ನೋಡಿ ಆರಿಸುವವರು ಅಡುಗೆಮನೆಯಲ್ಲಿ ಆ ಉಳಿತಾಯವನ್ನು ಒಂದೇ ಸಂಜೆಯಲ್ಲಿ ಕಳೆಯಬಹುದು.

ಆದರೂ ಲೆಕ್ಕ ಬೇಕು ಎಂಬುದು ನನ್ನ ನಿಲುವು. ಚೀನಾದ ನಂತರ ಜಗತ್ತಿನಲ್ಲೇ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ ನಮ್ಮದು, ವರ್ಷಕ್ಕೆ ಐದೂವರೆ ಕೋಟಿ ಟನ್ನಿಗೂ ಹೆಚ್ಚು. ಟನ್ನಿಗೆ ನೂರು ಕೆಜಿ ಇಳಿಸಿದರೂ ದೇಶದ ಮಟ್ಟದಲ್ಲಿ ಐವತ್ತೈದು ಲಕ್ಷ ಟನ್. ಮತ್ತೆ, ಲೆಕ್ಕ ಹಾಕಿದಾಗಲೇ ಯಾವ ಊರಿನ ನೋವು ಎಲ್ಲಿದೆ ಎಂದು ಕಾಣುವುದು. ಆಗ್ರಾದಲ್ಲಿ ಅದು ಯೂರಿಯಾದ ಮೂಟೆ ಮತ್ತು ಶೈತ್ಯಾಗಾರದ ಮೀಟರು. ಅಲ್ಲಿನ ಶೈತ್ಯಾಗಾರಗಳಲ್ಲಿ ಬಳಸುವ ಅಮೋನಿಯಾದಿಂದ ಭೂಮಿ ಬಿಸಿಯಾಗುವುದಿಲ್ಲ, ಅಷ್ಟು ಸಮಾಧಾನ. ಹಾಸನದಲ್ಲಿ ನೋವು ಇರುವುದು ಬೀಜ ಮತ್ತು ಅಂಗಮಾರಿಯಲ್ಲಿ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ ಗಿಡದ ಕುಡಿ ಚಿವುಟಿ, ಬೇರು ಬರಿಸಿ, ಸಸಿಯಾಗಿ ನೆಡುವ ಕ್ರಮವನ್ನು ರೈತರಿಗೆ ತಲುಪಿಸುವ ಕೆಲಸ ನಡೆದಿದೆ. ರೋಗವಿಲ್ಲದ ಬೀಜದ ಗಡ್ಡೆ ಇಲ್ಲೇ ತಯಾರಾದರೆ ಜಲಂಧರ್ ಲಾರಿಯಿಂದ ಉಳಿಯುವುದು ಟನ್ ಫಸಲಿಗೆ 11 ಕೆಜಿಯಷ್ಟೇ. ನಿಜವಾದ ಲಾಭ ಆರೋಗ್ಯವಂತ ಬೀಜ ಏರಿಸುವ ಇಳುವರಿಯಲ್ಲಿದೆ. ಇದಾಗದೆ ಹೋದರೆ ಹಾಸನದಲ್ಲಿ ಹೋಲಿಸಲು ಆಲೂಗಡ್ಡೆಯೇ ಉಳಿಯದಿರಬಹುದು. ಒಂದು ಕಾಲಕ್ಕೆ ಜಿಲ್ಲೆಯ ಗುರುತೇ ಆಗಿದ್ದ ಬೆಳೆಯನ್ನು ಬಿಟ್ಟು ರೈತರು ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದ್ದಾರೆ.

ಇಷ್ಟರಲ್ಲಿ ನಾನು ಹೆಸರೆತ್ತದ ಮೂರನೆಯ ಸೀಮೆಯೊಂದಿದೆ, ಬೆಂಗಳೂರಿಗೆ ಎಲ್ಲಕ್ಕಿಂತ ಹತ್ತಿರದ್ದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೇಸಿಗೆ ಮತ್ತು ಹಿಂಗಾರಿನಲ್ಲಿ ಕೊಳವೆಬಾವಿಯ ನೀರಿಗೆ ಆಲೂಗಡ್ಡೆ ಬೆಳೆಯುತ್ತಾರೆ. ಇಳುವರಿ ಹಾಸನಕ್ಕಿಂತ ಚೆನ್ನ, ಅಂಗಮಾರಿಯ ಕಾಟ ಕಡಿಮೆ, ಮಾರುಕಟ್ಟೆ ಎರಡು ಗಂಟೆ ದಾರಿ. ಆದರೆ ನೀರು ಸಾವಿರ ಅಡಿ ಕೆಳಗಿದೆ. 300 ಮೀಟರ್ ಆಳದಿಂದ ಒಂದು ಸಾವಿರ ಲೀಟರ್ ಎತ್ತಲು, ಪಂಪಿನ ನಷ್ಟವೂ ಸೇರಿ, ಎರಡು ಯೂನಿಟ್ ಬೇಕು. ಹನಿ ನೀರಾವರಿಯಲ್ಲೂ ಹೆಕ್ಟೇರಿಗೆ 30 ಲಕ್ಷ ಲೀಟರ್ ಬೇಕೆಂದರೆ ಆರು ಸಾವಿರ ಯೂನಿಟ್ ಆಯಿತು. 20 ಟನ್ ಫಸಲು ಬಂದರೂ ನೀರಿಗೇ ಟನ್ನಿಗೆ 210 ಕೆಜಿ, ಎಲ್ಲ ಸೇರಿ ಸುಮಾರು 300. ಮಂಡಿಯಲ್ಲಿ ಅತಿ ಹತ್ತಿರದಿಂದ ಬಂದ ಗಡ್ಡೆಗೇ ಅತಿ ಹೆಚ್ಚು ಹೊರೆ! ಗೊಬ್ಬರದ ಗುಣಾಂಕ ಯಾವುದನ್ನು ಹಾಕಿದರೂ ಈ ತೀರ್ಪು ಬದಲಾಗುವುದಿಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ಈ ಖರ್ಚು ರೈತನ ಪುಸ್ತಕದಲ್ಲಿ ಕಾಣುವುದೂ ಇಲ್ಲ.

ಕೋಲಾರದ ಪರವಾಗಿಯೂ ಒಂದು ಮಾತಿದೆ, ಅದು ಗಟ್ಟಿ ಮಾತೇ. ಯೂನಿಟ್ಟಿಗೆ 0.7 ಕೆಜಿ ಎಂಬುದು ಕಲ್ಲಿದ್ದಲಿನ ಪಾಲು ದೊಡ್ಡದಿರುವ ಇಡೀ ದೇಶದ ಸರಾಸರಿ. ಕರ್ನಾಟಕದಲ್ಲಿ ಶರಾವತಿಯ ಜಲವಿದ್ಯುತ್ತಿದೆ, ಪಾವಗಡದ ಸೌರ ಪಾರ್ಕಿದೆ, ಚಿತ್ರದುರ್ಗ–ಗದಗದ ಗಾಳಿಯಂತ್ರಗಳಿವೆ. ನಮ್ಮ ಕರೆಂಟು ಅಷ್ಟು ಕಪ್ಪಲ್ಲ. ಇದಕ್ಕೆ ಎದುರುವಾದವೂ ಉಂಟು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ ನಮ್ಮದು, ಅವರದು ಎಂದು ಬೇರ್ಪಡಿಸುವುದು ಕಷ್ಟ. ಇಲ್ಲಿ ಉಳಿದ ಒಂದು ಯೂನಿಟ್ ಸೌರ ವಿದ್ಯುತ್ತು ಬೇರೆಲ್ಲೋ ಕಲ್ಲಿದ್ದಲನ್ನು ಉಳಿಸುತ್ತಿತ್ತು. ಪಂಪ್‌ಸೆಟ್ಟುಗಳೇ ನೇರ ಸೌರ ವಿದ್ಯುತ್ತಿಗೆ ಬದಲಾದರೆ ಈ ಜಗಳವೂ ಮುಗಿಯುತ್ತದೆ. ಆಗ 210 ಎಂಬ ಅಂಕಿ ಸೊನ್ನೆಗೆ ಹತ್ತಿರ ಬರುತ್ತದೆ, ಕೋಲಾರದ ಗಡ್ಡೆಯ ಹೊರೆ ಟನ್ನಿಗೆ 90ರ ಆಸುಪಾಸಿಗೆ ಇಳಿಯುತ್ತದೆ, ಹಾಸನ ಆಗ್ರಾ ಎರಡನ್ನೂ ಹಿಂದೆ ಹಾಕುತ್ತದೆ.

ಆ ದಿನ ಬಂದಾಗ ಇಂಗಾಲದ ಕೋಷ್ಟಕ ಕೋಲಾರಕ್ಕೆ ಮೊದಲ ಸ್ಥಾನ ಕೊಡುತ್ತದೆ, ಆದರೆ ಕೊಳವೆಬಾವಿಯ ನೀರನ್ನು ಅಳೆಯುವ ಅಂಕಣ ಅದರಲ್ಲಿಲ್ಲ. ಹಗಲಿಡೀ ಪುಕ್ಕಟೆ ಓಡುವ ಸೌರ ಪಂಪು ನೀರನ್ನು ಇನ್ನೂ ವೇಗವಾಗಿ ಮೇಲೆತ್ತಬಲ್ಲದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಪಂಪು ಮಾಡಿ ಹರಿಸುತ್ತಿದ್ದಾರೆ, ಅದರಿಂದ ಅಂತರ್ಜಲಕ್ಕೆ ಒಂದಿಷ್ಟು ಜೀವ ಬಂದಿದೆ. ಆ ಪಂಪಿನ ಕರೆಂಟನ್ನು ಯಾವ ಬೆಳೆಯ ಖಾತೆಗೆ ಬರೆಯಬೇಕು ಎಂಬುದು ಇನ್ನೊಂದು ತರ್ಕ. ಮಳೆಗೆ ಬೆಳೆಯುವ ಹಾಸನದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೇ, ಜಿಲ್ಲೆಯ ಹೆಸರು ಬರೆದು ಪಕ್ಕದಲ್ಲಿ ಇಂಗಾಲದ ಒಂದೇ ಅಂಕಿ ಅಚ್ಚು ಹಾಕುವ ಚೀಟಿಯನ್ನು ನಾನು ಒಪ್ಪಲಾರೆ. ಯಾವ ತಿಂಗಳಲ್ಲಿ ಕಿತ್ತದ್ದು, ಶೈತ್ಯಾಗಾರದಲ್ಲಿ ಎಷ್ಟು ದಿನ ಇತ್ತು, ನೀರು ಮಳೆಯದೋ ಬೋರಿನದೋ: ಮೂಟೆಯ ಮೇಲೆ ಈ ಮೂರನ್ನು ಬರೆದರೆ ಸಾಕು, ಸೆಪ್ಟೆಂಬರ್‌ನಲ್ಲಿ ಮಂಡಿಯೆದುರು ನಿಂತವರು ತಾವೇ ನಿರ್ಧರಿಸಬಲ್ಲರು.